ಸೈಲೆನ್ಸರ್ ಬಿಸಿಗೆ ತಗಡಿನ ತಡೆಯೋ, ಗಾಳಿ ದಾರಿಯೋ?

ಏಪ್ರಿಲ್ ಬಿಸಿಲಲ್ಲಿ ಮಂಡ್ಯದ ಕಡೆ ಮಾಡೆಲ್ ವಿಮಾನ ಹಾರಿಸುವಾಗ ಎಂಜಿನ್ ಆಕಾಶದಲ್ಲೇ ನಿಂತುಹೋದರೆ, ಇಳಿಸಲು ಸಿಗುವುದು ಕಬ್ಬಿನ ಗದ್ದೆಯೇ. ಸಣ್ಣ ಮಾಡೆಲ್ ಎಂಜಿನ್‌ಗೆ ಹಾಕುವ ಗ್ಲೋ ಇಂಧನದ ಮೆಥನಾಲ್ ಸುಮಾರು 65 ಡಿಗ್ರಿಗೇ ಕುದಿಯುತ್ತದೆ. ಸೈಲೆನ್ಸರಿನ ಬಿಸಿ ಇಂಧನದ ಟ್ಯಾಂಕಿಗೆ ತಾಗಿದರೆ ಪೈಪಿನಲ್ಲಿ ಗುಳ್ಳೆ ಏಳುತ್ತದೆ, ಎಂಜಿನ್‌ಗೆ ಇಂಧನ ಸಾಲದಾಗುತ್ತದೆ, ಅದು ಇನ್ನಷ್ಟು ಕಾಯುತ್ತದೆ.

ಸೈಲೆನ್ಸರಿಗೂ ಟ್ಯಾಂಕಿಗೂ ನಡುವೆ ಹಾಕುವ ತಗಡಿನ ತಡೆ ಅಗ್ಗ, ಹಗುರ. ಅರ್ಧ ಮಿ.ಮೀ. ಅಲ್ಯೂಮಿನಿಯಂ ಸಾಕು. ಆದರೆ ಎರಡೂ ಬದಿಗೆ 6–8 ಮಿ.ಮೀ. ಜಾಗ ಬಿಡಲೇಬೇಕು. ಫಾಯಿಲನ್ನು ಟ್ಯಾಂಕಿಗೇ ಅಂಟಿಸಿ ಸುಮ್ಮನಾಗುವವರು ಬಹಳ. ಸೈಲೆನ್ಸರ್ ಅದಕ್ಕೆ ತಾಗಿದರೆ ಬಿಸಿ ನೇರವಾಗಿ ಟ್ಯಾಂಕಿಗೇ ಹೋಗುತ್ತದೆ. ಅಲ್ಲದೆ ತಗಡು ತಡೆಯುವುದು ಸೈಲೆನ್ಸರಿನ ನೇರ ಝಳವನ್ನು ಮಾತ್ರ. ಕೌಲಿಂಗ್ (ಎಂಜಿನ್ ಮುಚ್ಚುವ ಹೊದಿಕೆ) ಒಳಗೆ ಸಿಕ್ಕಿಕೊಂಡ ಬಿಸಿ ಗಾಳಿಗೆ ಅದು ಮದ್ದಲ್ಲ.

ಆ ಕೆಲಸ ಗಾಳಿ ದಾರಿಯದು. ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಮುಂದೆ ತೂತು ಹೆಚ್ಚಿಸುತ್ತಾರೆ, ಹಿಂದೆ ಬಿಡುವುದಿಲ್ಲ. ಹೊರದಾರಿ ಒಳದಾರಿಯ ಎರಡರಿಂದ ಮೂರು ಪಟ್ಟು ಇರಬೇಕು. ಅದು ಕೌಲಿಂಗಿನ ಕೆಳಗೆ, ಹಿಂಬದಿಯಲ್ಲಿ ಇರಲಿ. ಬಾಲ್ಸಾ ಎಂಬ ಹಗುರ ಮರದ ಅಡ್ಡಪಟ್ಟಿ ಕೂರಿಸಿ, ಬಂದ ಗಾಳಿ ಸಿಲಿಂಡರನ್ನು ತಂಪಾಗಿಸುವ ಫಿನ್‌ಗಳ ನಡುವೆಯೇ ಹಾಯುವಂತೆ ಮಾಡಿ.

ಸೈಲೆನ್ಸರ್ ಕೌಲಿಂಗಿನ ಹೊರಗಿದ್ದರೆ ತಗಡು ಸಾಕು. ಒಳಗಿದ್ದರೆ ಮೊದಲು ಗಾಳಿ ದಾರಿ, ಆಮೇಲೆ ತಗಡು, ತಗಡೊಂದನ್ನೇ ನಂಬಬೇಡಿ. ಪೆಟ್ರೋಲ್ ಎಂಜಿನ್ ಆದರೆ ಎರಡೂ ಬೇಕು. ಅದರ ಕಾರ್ಬ್ಯುರೇಟರಿನಲ್ಲಿ ಪಂಪ್ ಇದ್ದರೆ ಟ್ಯಾಂಕನ್ನೇ ವಿಮಾನದ ರೆಕ್ಕೆಯ ಕೆಳಗೆ, ಹಿಂದಕ್ಕೆ ಸರಿಸಬಹುದು. ಪೆಟ್ರೋಲಿಗೆ ಸಿಲಿಕೋನ್ ಪೈಪ್ ಹಾಕಬೇಡಿ, ಉಬ್ಬಿ ಸಡಿಲವಾಗುತ್ತದೆ, ಪೆಟ್ರೋಲ್ ತಡೆದುಕೊಳ್ಳುವ ಟೈಗಾನ್ ಪೈಪ್ ಹಾಕಿ.