‘ಸ್ಟೀರಿಂಗ್ ಸ್ವಲ್ಪ ಸೆನ್ಸಿಟಿವ್, ಓಡಿಸ್ತಾ ರೂಢಿಯಾಗುತ್ತೆ’ ಅಂತ ಯಾರಾದರೂ ಹೇಳಿದರೆ ಕಾರಿನ ದುಡ್ಡು ಕೊಡಬೇಡಿ, ಮೊದಲು ಇದನ್ನು ಓದಿ

ಹಳೇ ಕಾರು ಮಾರುವವರು ಹೇಳುವ ಮಾತುಗಳಲ್ಲಿ ಇದಕ್ಕಿಂತ ಅಪಾಯದ್ದು ಇನ್ನೊಂದಿಲ್ಲ ಅಂತ ಈಗ ನನಗನ್ನಿಸುತ್ತಿದೆ. ಪೂರ್ತಿ ಸುಳ್ಳಾಗಿದ್ದರೆ ಹಿಡಿದುಹಾಕಬಹುದಿತ್ತು. ಇದು ಅರ್ಧ ನಿಜ. ಹುಟ್ಟಿನಿಂದಲೇ ಚುರುಕಾದ ಸ್ಟೀರಿಂಗ್ ಇರುವ ಕಾರುಗಳಿವೆ, ಅವು ಸ್ವಲ್ಪ ದಿನಕ್ಕೆ ಕೈಗೆ ಒಗ್ಗುತ್ತವೆ, ಆಮೇಲೆ ಹಳೇ ಕಾರಿನ ಸ್ಟೀರಿಂಗೇ ಜಡ ಅನ್ನಿಸತೊಡಗುತ್ತದೆ. ಆದರೆ ಕೆಟ್ಟುಹೋದ ಸ್ಟೀರಿಂಗ್ ಕೂಡ ಕೈಗೆ ಅಷ್ಟೇ ಚೆನ್ನಾಗಿ ಒಗ್ಗುತ್ತದೆ. ನನ್ನ ವಿಷಯದಲ್ಲಿ ಆದದ್ದು ಅದೇ.

ಮೊದಲು ನನ್ನ ಹತ್ತಿರ ಇದ್ದದ್ದು ಹೈಡ್ರಾಲಿಕ್ ಪವರ್ ಸ್ಟೀರಿಂಗಿನ ಹಳೇ ಹ್ಯಾಚ್‌ಬ್ಯಾಕ್. ಸ್ಟೀರಿಂಗ್ ಭಾರ, ಮಧ್ಯದಲ್ಲಿ ಒಂಚೂರು ಸಡಿಲ, ಈ ಕೊನೆಯಿಂದ ಆ ಕೊನೆಗೆ ಸುಮಾರು ನಾಲ್ಕು ಸುತ್ತು. ಹೊಸದಾಗಿ ತೆಗೆದುಕೊಂಡದ್ದು ಕೆಲವೇ ವರ್ಷ ಓಡಿದ ಸೆಡಾನ್, ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್. ಟೆಸ್ಟ್ ಡ್ರೈವ್‌ನಲ್ಲೇ ವ್ಯತ್ಯಾಸ ಗೊತ್ತಾಯಿತು. ‘ಯಾಕಿಷ್ಟು ಚುರುಕು?’ ಅಂತ ಕೇಳಿದೆ ಕೂಡ. ಮಾರುವವನ ಉತ್ತರ ತಯಾರಾಗಿತ್ತು: ‘ಹಳೇ ಗಾಡಿ ಓಡಿಸಿದವರೆಲ್ಲ ಹೀಗೇ ಕೇಳೋದು ಸರ್. ಇದು ಎಲೆಕ್ಟ್ರಿಕ್, ಬೆಣ್ಣೆ ಥರ ತಿರುಗುತ್ತೆ. ರೂಢಿಯಾಗುತ್ತೆ ಬಿಡಿ.’ ಜೊತೆಗೆ ಬಂದಿದ್ದ ಗೆಳೆಯನೂ ತಲೆ ಆಡಿಸಿದ. ಟೆಸ್ಟ್ ಡ್ರೈವ್ ನಡೆದದ್ದು ಟ್ರಾಫಿಕ್ ತುಂಬಿದ ರಸ್ತೆಯಲ್ಲಿ, ವೇಗ ನಲವತ್ತು ದಾಟಲೇ ಇಲ್ಲ. ಆ ವೇಗದಲ್ಲಿ ನಿಜಕ್ಕೂ ಬೆಣ್ಣೆಯೇ.

ಹೈವೇಗೆ ತೆಗೆದುಕೊಂಡು ಹೋದಾಗ ಬಣ್ಣ ಬಯಲಾಯಿತು. ಎಂಬತ್ತು ದಾಟುತ್ತಿದ್ದ ಹಾಗೆ ಕಾರು ಒಂದು ಕಡೆ ನಿಲ್ಲಲೊಲ್ಲದು. ಎಡಕ್ಕೆ ಸರಿಯುತ್ತಿದೆ ಅಂತ ಬಲಕ್ಕೆ ಒಂದು ಬೆರಳಷ್ಟು ತಿರುಗಿಸಿದರೆ ಲೇನಿನ ಆ ಗೆರೆಗೇ ಹೋಗಿ ಮುಟ್ಟುತ್ತದೆ. ವಾಪಸ್ ತಂದರೆ ಈ ಗೆರೆ. ಪಕ್ಕದಲ್ಲಿ ಲಾರಿ ಹಾದುಹೋದಾಗ ಗಾಳಿಯ ಹೊಡೆತಕ್ಕೆ ಕಾರು ಸರ್ರನೆ ಸರಿಯಿತು, ನಾನು ಸರಿಪಡಿಸಿದ್ದು ಜಾಸ್ತಿಯಾಯಿತು, ಅದನ್ನು ಸರಿಪಡಿಸಲು ಹೋಗಿ ಇನ್ನೂ ಜಾಸ್ತಿ. ಹಿಂಭಾಗ ಬಾಲ ಆಡಿಸಿದ ಅನುಭವ. ಹಿಂದೆ ಯಾರೂ ಇರಲಿಲ್ಲ, ಬಚಾವ್. ಕಾರನ್ನು ಪಕ್ಕಕ್ಕೆ ನಿಲ್ಲಿಸಿದ ಮೇಲೆಯೂ ಅಂಗೈ ಬೆವರುತ್ತಲೇ ಇತ್ತು.

ಆಮೇಲೆ ಆದದ್ದೇ ನಿಮಗೆ ಮುಖ್ಯವಾಗಿ ಹೇಳಬೇಕಿರುವುದು. ವಾರ ಕಳೆದಂತೆ ಸಮಸ್ಯೆ ಕಡಿಮೆಯಾಯಿತು. ಕಾರು ಸರಿಹೋಗಿರಲಿಲ್ಲ, ಕೈ ಕಲಿತಿತ್ತು. ಲೇನಿನ ಮಧ್ಯೆ ಇರಲು ನಾನು ಸದಾ ಸಣ್ಣಗೆ ಎಡ ಬಲ ಎಡ ಬಲ ಅಂತ ತಿದ್ದುತ್ತಿದ್ದೆ, ತಿದ್ದುತ್ತಿದ್ದೇನೆ ಅನ್ನುವುದೇ ಮರೆತುಹೋಗಿತ್ತು. ದೂರದ ಪ್ರಯಾಣ ಮುಗಿಸಿ ಬಂದರೆ ಭುಜ, ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು, ಅದಕ್ಕೆ ಸೀಟನ್ನು ಬೈದುಕೊಂಡು ಕುಷನ್ ಕೊಂಡೆ. ‘ಹೊಸ ಕಾರು ಹೇಗಿದೆ’ ಅಂತ ಕೇಳಿದವರಿಗೆ ‘ಮೊದಮೊದಲು ಕಷ್ಟ, ಈಗ ಪರವಾಗಿಲ್ಲ’ ಅನ್ನುತ್ತಿದ್ದೆ.

ಒಂದು ಸಂಜೆ ತಮ್ಮ ಕೀ ತೆಗೆದುಕೊಂಡು ಹೋದ. ನನಗಿಂತ ಚೆನ್ನಾಗಿ ಓಡಿಸುತ್ತಾನೆ, ಹತ್ತಾರು ಥರದ ಗಾಡಿ ಓಡಿಸಿದವನು. ಮಳೆ ನಿಂತು ರಸ್ತೆ ಇನ್ನೂ ಒದ್ದೆಯಿತ್ತು. ಮುಂದೆ ಹೋಗುತ್ತಿದ್ದವರು ದಿಢೀರ್ ನಿಲ್ಲಿಸಿದರು, ಇವನು ಬ್ರೇಕ್ ಒತ್ತಿದ, ಕಾರು ಒಂದು ಕಡೆಗೆ ಎಳೆಯಿತು, ಸ್ಟೀರಿಂಗ್ ತಿರುಗಿಸಿದ, ಅದು ಬೇಕಾದ್ದಕ್ಕಿಂತ ಹೆಚ್ಚು ತಿರುಗಿತು. ಡಿವೈಡರ್‌ಗೆ ಉಜ್ಜಿಕೊಂಡು ನಿಂತಿತು. ಬಾಗಿಲು, ಫೆಂಡರ್ ಹೋಯಿತು, ಅವನಿಗೆ ಏನೂ ಆಗಲಿಲ್ಲ. ಮನೆಗೆ ಬಂದವನು ಕೀಯನ್ನು ಮೇಜಿನ ಮೇಲೆ ಎಸೆದು ಹೇಳಿದ: ‘ಇದು ಸೆನ್ಸಿಟಿವ್ ಅಲ್ಲ ಕಣೋ, ಗಾಡಿ ಅಡಿಯಲ್ಲಿ ಏನೋ ಹೋಗಿದೆ. ನೀನು ಹೇಗೆ ಓಡಿಸ್ತಿದ್ದೀಯ ಇದನ್ನ?’

ಬಾಡಿ ಕೆಲಸಕ್ಕೆ ಬಿಟ್ಟಾಗ ಮೆಕ್ಯಾನಿಕ್ ಕೆಳಗಿನದ್ದನ್ನೂ ನೋಡಿದ. ಮೊದಲು ಮಾಡಿದ್ದು ಏನೂ ದೊಡ್ಡ ಕೆಲಸವಲ್ಲ. ಡಿವೈಡರ್‌ಗೆ ತಾಗದೇ ಇದ್ದ ಬದಿಯ ಮುಂದಿನ ಟೈರಿನ ಮೇಲೆ ನನ್ನ ಅಂಗೈ ಇಡಿಸಿ ಅಡ್ಡಡ್ಡಲಾಗಿ ಸವರಲು ಹೇಳಿದ. ಒಂದು ದಿಕ್ಕಿಗೆ ನುಣ್ಣಗೆ ಜಾರಿತು. ವಾಪಸ್ ಬರುವಾಗ ರಬ್ಬರಿನ ಅಂಚುಗಳು ಗರಗಸದ ಹಾಗೆ ಬೆರಳಿಗೆ ಸಿಕ್ಕಿಕೊಂಡವು. ಒಳಗಿನ ಅಂಚು ಸವೆದು ಬೋಳಾಗಿತ್ತು, ಹೊರಗಿನ ಅಂಚಿನಲ್ಲಿ ಟೈರಿನ ಗೀರುಗಳು ಇನ್ನೂ ಆಳವಾಗಿದ್ದವು. ಹೊರಗಿನಿಂದ ನೋಡುವವರಿಗೆ ಟೈರು ಚೆನ್ನಾಗಿಯೇ ಕಾಣುತ್ತದೆ. ‘ಇದು ಮೊನ್ನೆಯ ಏಟಿನಿಂದ ಆದದ್ದಲ್ಲ. ಹೀಗೆ ಸವೆಯಲು ಸಾವಿರಾರು ಕಿಲೋಮೀಟರ್ ಬೇಕು’ ಅಂದ.

ಉಳಿದದ್ದು ಒಂದೊಂದಾಗಿ ಹೊರಬಂತು. ಅದೇ ಬದಿಯ ಟೈ ರಾಡ್ ಎಂಡ್, ಅಂದರೆ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಕೀಲು, ಸಡಿಲ. ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಲೋಯರ್ ಆರ್ಮ್‌ನ ಹಿಂದಿನ ರಬ್ಬರ್ ಬುಷ್ ಹರಿದಿತ್ತು, ಬ್ರೇಕ್ ಒತ್ತಿದಾಗ ಆ ಚಕ್ರ ತುಸು ಹಿಂದಕ್ಕೆ ಹೋಗುತ್ತಿತ್ತು, ತಮ್ಮ ಬ್ರೇಕ್ ಒತ್ತಿದಾಗ ಕಾರು ಎಳೆದದ್ದು ಅದಕ್ಕೇ. ಚಕ್ರಗಳ ಕೋನ ಅಳೆಯುವ ಅಲೈನ್‌ಮೆಂಟ್ ಯಂತ್ರದ ಮೇಲೆ ಹತ್ತಿಸಿದರೆ ಮುಂದಿನ ಚಕ್ರಗಳ ಒಟ್ಟು ಟೋ (ಮೇಲಿನಿಂದ ನೋಡಿದರೆ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ), ಸೊನ್ನೆಯ ಆಸುಪಾಸಿನಲ್ಲಿ ಇರಬೇಕಾದದ್ದು, ಅರ್ಧ ಡಿಗ್ರಿ ಹೊರಕ್ಕೆ. ಅರ್ಧ ಡಿಗ್ರಿ ಕೇಳಲು ಏನೂ ಅಲ್ಲ. ಆದರೆ ಈ ಗಾತ್ರದ ಚಕ್ರಗಳಲ್ಲಿ ಅದರ ಅರ್ಥ, ಎರಡು ಚಕ್ರಗಳ ಮುಂದಿನ ಅಂಚುಗಳ ನಡುವಿನ ಅಂತರ ಹಿಂದಿನ ಅಂಚುಗಳ ನಡುವಿನದಕ್ಕಿಂತ 5 ಮಿಲಿಮೀಟರಿಗೂ ಹೆಚ್ಚು. ಎರಡೂ ಚಕ್ರ ತನ್ನ ತನ್ನ ಕಡೆಗೆ ಎಳೆಯುತ್ತಿರುತ್ತದೆ. ರಸ್ತೆಯ ಒಂದು ಉಬ್ಬಿಗೋ ಗಾಳಿಗೋ ಯಾವ ಚಕ್ರದ ಮೇಲೆ ಭಾರ ಹೆಚ್ಚಾಯಿತೋ ಅದು ಹೇಳಿದ ಕಡೆಗೆ ಕಾರು ಓಡುತ್ತದೆ.

ಇದರ ಮೇಲೆ ಶೋಕಿಯ ಅಲಾಯ್ ಚಕ್ರ ಬೇರೆ. ಕಂಪನಿ ಕೊಟ್ಟದ್ದು 185/65 ಆರ್15, ಹಾಕಿದ್ದದ್ದು 205/45 ಆರ್17. ಮೊದಲ ಅಂಕಿ ಟೈರಿನ ಅಗಲ ಮಿಲಿಮೀಟರಿನಲ್ಲಿ, ಎರಡನೆಯದು ಪಕ್ಕದ ಗೋಡೆ ಆ ಅಗಲದ ಶೇಕಡಾ ಎಷ್ಟು ಅಂತ, ಕೊನೆಯದು ಒಳಗಿನ ಚಕ್ರದ ವ್ಯಾಸ ಇಂಚಿನಲ್ಲಿ. ಹೊರಗಿನ ವ್ಯಾಸ ಹೆಚ್ಚುಕಡಿಮೆ ಒಂದೇ, ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಟೈರಿನ ಪಕ್ಕದ ಗೋಡೆ ಸುಮಾರು 120 ಮಿಲಿಮೀಟರಿನಿಂದ 92ಕ್ಕೆ ಇಳಿದಿದೆ. ಆ ಗೋಡೆ ಬಾಗುವುದರಿಂದ ಸಿಗುತ್ತಿದ್ದ ಮೆದುತನ ಹೋಗುತ್ತದೆ, ಅಗಲವಾದ ಟೈರು ರಸ್ತೆಯ ಗಾಡಿಜಾಡುಗಳನ್ನು ಹಿಡಿದು ಹೋಗತೊಡಗುತ್ತದೆ. ಗಾಳಿಯೋ, ಡ್ರೈವರ್ ಬಾಗಿಲಿನ ಕಂಬದ ಸ್ಟಿಕ್ಕರಿನಲ್ಲಿ 33 ಪಿಎಸ್‌ಐ ಅಂತ ಬರೆದಿದೆ, ಟೈರಿನಲ್ಲಿ ಇದ್ದದ್ದು 40. ನಾನೂ ಪ್ರತಿ ಸಲ ‘ಮೊದಲಿದ್ದಷ್ಟೇ ಹಾಕಿ’ ಅನ್ನುತ್ತಿದ್ದೆ, ಹುಡುಗರು ಅಷ್ಟೇ ಹಾಕುತ್ತಿದ್ದರು.

ಹಾಗಾದರೆ ಯಾವುದು ಹುಟ್ಟುಗುಣ, ಯಾವುದು ರೋಗ?

ಹುಟ್ಟುಗುಣ ಬರುವುದು ಮುಖ್ಯವಾಗಿ ಸ್ಟೀರಿಂಗ್ ಅನುಪಾತದಿಂದ. 14:1 ಅಂದರೆ ಕೈಯಲ್ಲಿರುವ ಚಕ್ರ 14 ಡಿಗ್ರಿ ತಿರುಗಿದರೆ ರಸ್ತೆಯ ಚಕ್ರ 1 ಡಿಗ್ರಿ. ಅದೇ 18:1 ಇದ್ದರೆ 18 ಡಿಗ್ರಿ ಬೇಕು. ಹಳೆಯದರಿಂದ ಹೊಸದಕ್ಕೆ ಬಂದವರ ಕೈ ಹಳೇ ಲೆಕ್ಕದಲ್ಲೇ ತಿರುಗಿಸುತ್ತದೆ, ಕಾರು ಜಾಸ್ತಿ ತಿರುಗುತ್ತದೆ. ಇನ್ನೊಂದು, ಸ್ಟೀರಿಂಗಿನ ಹಗುರತನ. 1988ರಲ್ಲಿ ಸುಜುಕಿಯ ಪುಟಾಣಿ ಕಾರು ಸೆರ್ವೊದಲ್ಲಿ ಬಂದ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಈಗ ಬಹುತೇಕ ಎಲ್ಲ ಹೊಸ ಕಾರುಗಳಲ್ಲಿದೆ. ನಿಮ್ಮ ಕೈ ಎಷ್ಟು ಒತ್ತಡ ಹಾಕುತ್ತಿದೆ ಅಂತ ಒಂದು ಸೆನ್ಸರ್ ಅಳೆಯುತ್ತದೆ, ಮೋಟಾರು ಉಳಿದ ಬಲ ಕೊಡುತ್ತದೆ, ವೇಗ ಹೆಚ್ಚಿದಂತೆ ಆ ಸಹಾಯ ಕಡಿಮೆಯಾಗಿ ಸ್ಟೀರಿಂಗ್ ಗಟ್ಟಿಯಾಗಬೇಕು. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ. ಪಾರ್ಕಿಂಗಿನಲ್ಲಿ ಎಷ್ಟು ಹಗುರವೋ ನೂರರ ವೇಗದಲ್ಲೂ ಅಷ್ಟೇ ಹಗುರವಾಗಿದ್ದರೆ ಕಾರಿನ ಕಂಪ್ಯೂಟರಿನಲ್ಲಿ ದೋಷ ಓದುವ ಸ್ಕ್ಯಾನರ್ ಹಾಕಿಸಿ ನೋಡಲೇಬೇಕು.

ಹುಟ್ಟುಗುಣದ ಚುರುಕು ಎರಡೂ ಕಡೆಗೆ ಒಂದೇ ಥರ ಇರುತ್ತದೆ, ಮತ್ತು ನೀವು ಏನೂ ಮಾಡದಿದ್ದಾಗ ಕಾರು ಸುಮ್ಮನಿರುತ್ತದೆ. ನೀವು ಕೇಳಿದಾಗ ಮಾತ್ರ ಬೇಗ ಉತ್ತರ ಕೊಡುತ್ತದೆ. ರೋಗದ ಕಾರು ಕೇಳದೆಯೇ ಮಾತಾಡುತ್ತದೆ: ನೇರ ರಸ್ತೆಯಲ್ಲಿ ಅಲೆಯುತ್ತದೆ, ಬ್ರೇಕ್ ಒತ್ತಿದರೆ ಎಳೆಯುತ್ತದೆ, ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ಮಧ್ಯಕ್ಕೆ ಬರದೆ ಅರ್ಧದಲ್ಲೇ ನಿಲ್ಲುತ್ತದೆ. ಮಧ್ಯಕ್ಕೆ ಮರಳುವ ಗುಣ ಹೆಚ್ಚಾಗಿ ಕ್ಯಾಸ್ಟರ್ ಕೋನದಿಂದ, ಅಂದರೆ ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವುದರಿಂದ, ಬರುತ್ತದೆ, ಬುಷ್ ಹರಿದರೂ ಹಿಂದೆ ಏಟು ಬಿದ್ದು ಬಾಗಿದ್ದರೂ ಅದು ಹಾಳಾಗುತ್ತದೆ. ಒಂದೇ ಕಡೆಗೆ ಸಣ್ಣಗೆ ಸರಿಯುವುದನ್ನು ಮಾತ್ರ ದೊಡ್ಡದು ಮಾಡಬೇಡಿ, ನೀರು ಹರಿಯಲೆಂದು ರಸ್ತೆಯನ್ನೇ ಅಂಚಿಗೆ ಇಳಿಜಾರಾಗಿ ಮಾಡಿರುತ್ತಾರೆ.

ಆದ್ದರಿಂದ ಟೆಸ್ಟ್ ಡ್ರೈವ್ ಅಂದರೆ ಬೀದಿ ಸುತ್ತಿ ಬರುವುದಲ್ಲ. ಖಾಲಿ, ಸಮತಟ್ಟಾದ, ವೇಗಕ್ಕೆ ಅವಕಾಶವಿರುವ ರಸ್ತೆಗೆ ಕರೆದುಕೊಂಡು ಹೋಗಿ ಅಂತ ಹಟ ಹಿಡಿಯಿರಿ, ‘ಪೆಟ್ರೋಲ್ ಇಲ್ಲ’ ಅಂದರೆ ನೀವೇ ಹಾಕಿಸಿ. ನೇರ ಹೋಗುವಾಗ ಸ್ಟೀರಿಂಗಿನ ಅಡ್ಡಕಡ್ಡಿ ಸಮವಾಗಿದೆಯಾ ನೋಡಿ. ಕೈ ಚಕ್ರದ ಮೇಲೇ ಇರಲಿ, ಹಿಡಿತ ಮಾತ್ರ ಸಡಿಲಿಸಿ ಕಾರು ಏನು ಮಾಡುತ್ತದೆ ಅಂತ ಗಮನಿಸಿ. ನಿಂತ ಮೇಲೆ ಇನ್ನೊಬ್ಬರಿಗೆ ಸ್ಟೀರಿಂಗನ್ನು ಸಣ್ಣಗೆ ಅತ್ತಿತ್ತ ಅಲ್ಲಾಡಿಸಲು ಹೇಳಿ, ನೀವು ಮುಂದಿನ ಚಕ್ರದ ಹತ್ತಿರ ಬಗ್ಗಿ ಕಿವಿ ಕೊಡಿ, ಟಕ್ ಟಕ್ ಬಂದರೆ ಜಾಯಿಂಟುಗಳನ್ನು ನೋಡಿಸದೆ ಮುಂದುವರಿಯಬೇಡಿ. ಟೈರು ಸವರಿ ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಮುಂದಿನ ಜೋಡಿ ಮಾತ್ರ ಹೊಚ್ಚ ಹೊಸದಾಗಿದ್ದರೆ ಸಂತೋಷಪಡುವ ಮೊದಲು ಹಳೆಯದು ಯಾಕೆ ಹೋಯಿತು ಅಂತ ಕೇಳಿ. ಸವೆತದ ಸಾಕ್ಷಿ ಅಳಿಸಲು ಅದಕ್ಕಿಂತ ಸುಲಭದ ದಾರಿ ಇಲ್ಲ. ಎಲ್ಲಕ್ಕಿಂತ ಮುಖ್ಯ, ಅಡ್ವಾನ್ಸ್ ಕೊಡುವ ಮೊದಲೇ ನಿಮ್ಮ ಖರ್ಚಿನಲ್ಲಿ ಅಲೈನ್‌ಮೆಂಟ್ ಯಂತ್ರಕ್ಕೆ ಹತ್ತಿಸಿ. ತಿದ್ದಿಸಬೇಡಿ, ಅಳೆಸಿ ಕಾಗದ ತೆಗೆದುಕೊಳ್ಳಿ. ಹಿಂದಿನ ಚಕ್ರಗಳ ಅಳತೆಯನ್ನೂ ಓದಿ, ಒಂದು ಕಡೆಯದು ಮಾತ್ರ ವಿಪರೀತ ಆಚೀಚೆ ಇದ್ದರೆ ಆ ಕಾರು ಎಲ್ಲೋ ಹೊಡೆಸಿಕೊಂಡು ಬಂದಿರುವ ಸಾಧ್ಯತೆ ಇದೆ.

ಎಲ್ಲ ಸರಿ ಇದೆ ಅಂತ ಖಾತ್ರಿಯಾದ ಮೇಲೆ ಬೇಕಾದರೆ ರೂಢಿ ಮಾಡಿಕೊಳ್ಳಿ. ಸೀಟನ್ನು ಹತ್ತಿರ ಎಳೆದುಕೊಳ್ಳಿ, ಬೆನ್ನು ಒರಗಿಸಿ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ಮೇಲಂಚಿಗೆ ಮುಟ್ಟಬೇಕು. ಕೈಯನ್ನು ಪೂರ್ತಿ ನೇರ ಚಾಚಿ ಓಡಿಸುವವರ ಮೈ ಕುಲುಕಿದ್ದೆಲ್ಲ ಸ್ಟೀರಿಂಗಿಗೆ ಹೋಗುತ್ತದೆ. ಗಡಿಯಾರದ ಒಂಬತ್ತು ಮತ್ತು ಮೂರರ ಜಾಗದಲ್ಲಿ ಹಿಡಿಯಿರಿ, ಹಿಸುಕಬೇಡಿ. ಬಾನೆಟ್ಟಿನ ಮುಂದಿನ ರಸ್ತೆ ಬಿಟ್ಟು ದೂರ ನೋಡಿ. ನೂರರ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ, ಹತ್ತಿರ ನೋಡುವವರು ತಿದ್ದುವುದು ಯಾವಾಗಲೂ ತಡವಾಗಿ, ಹೆಚ್ಚಾಗಿ. ಕಾರಿಗೆ ಕೈ ಹೊಂದುವವರೆಗೆ ಮಳೆಯಲ್ಲಿ, ರಾತ್ರಿ ಹೈವೇಯಲ್ಲಿ ಬೇಡ. ಅಂತಹ ಕಾರನ್ನು ಬೇರೆಯವರಿಗೆ ಕೊಡುವಾಗ ಬಾಯಿಬಿಟ್ಟು ಹೇಳಿ ಕೊಡಿ.

ಮಾರಿದವನಿಗೆ ಫೋನ್ ಮಾಡಿದೆ. ‘ನಮ್ಮ ಹತ್ತಿರ ಇದ್ದಾಗ ಚೆನ್ನಾಗಿತ್ತು, ನೀವು ಗುಂಡಿಗೆ ಇಳಿಸಿರ್ತೀರ’ ಅಂದ. ಕೊಳ್ಳುವ ದಿನದ ಅಳತೆಯ ಕಾಗದ ನನ್ನ ಹತ್ತಿರ ಇರಲಿಲ್ಲ, ವಾದ ಅಲ್ಲಿಗೆ ಮುಗಿಯಿತು. ಟೈ ರಾಡ್ ಎಂಡ್, ಬುಷ್ ಬದಲಾಯಿಸಿ, ಅಲೈನ್‌ಮೆಂಟ್ ಆದ ಮೇಲೆ ಸ್ಟೀರಿಂಗ್ ಕೋನದ ಸೆನ್ಸರನ್ನು ಸ್ಕ್ಯಾನರ್‌ನಿಂದ ಸೊನ್ನೆಗೆ ಹೊಂದಿಸಿದ್ದಾರೆ. ಇದನ್ನು ಕೇಳಿ ಮಾಡಿಸಿಕೊಳ್ಳಿ, ಕಾರು ಜಾರದಂತೆ ತಡೆಯುವ ವ್ಯವಸ್ಥೆ ನೀವು ಎತ್ತ ತಿರುಗಿಸುತ್ತಿದ್ದೀರಿ ಅಂತ ತಿಳಿಯುವುದು ಆ ಸೆನ್ಸರಿನಿಂದಲೇ, ಹಲವು ಕಡೆ ಅಲೈನ್‌ಮೆಂಟ್ ಮಾಡಿ ಈ ಕೆಲಸ ಬಿಟ್ಟುಬಿಡುತ್ತಾರೆ. ಈಗಲೂ ಸ್ಟೀರಿಂಗ್ ನನ್ನ ಹಳೇ ಕಾರಿಗಿಂತ ಚುರುಕೇ, ಆದರೆ ನೇರ ರಸ್ತೆಯಲ್ಲಿ ಸುಮ್ಮನಿರುತ್ತದೆ. ಹದಿನೇಳು ಇಂಚಿನ ಅಲಾಯ್ ಮಾರಾಟಕ್ಕಿದೆ, ಟೈರು ಬಿಟ್ಟು.