ಚಿಕ್ಕಮ್ಮನ ಸೀರೆ ಯಾವ ಕೆಂಪು? ಕಲರ್ ನೆಗೆಟಿವ್ ತಿರುಗಿಸುವ ನಾಲ್ಕು ಸಾಫ್ಟ್‌ವೇರ್‌ಗಳು

ಕಲರ್ ನೆಗೆಟಿವ್ ಸ್ಕ್ಯಾನ್ ಮಾಡುವುದು ದೊಡ್ಡ ಕೆಲಸವಲ್ಲ. ಅದನ್ನು ಉಲ್ಟಾ ಮಾಡಿ ಸರಿಯಾದ ಬಣ್ಣ ತರುವುದಿದೆಯಲ್ಲ, ತಲೆನೋವಿರುವುದು ಅಲ್ಲಿ. ಬ್ಲ್ಯಾಕ್ ಆ್ಯಂಡ್ ವೈಟ್ ಆದರೆ ಇನ್‌ವರ್ಟ್ ಒತ್ತಿದರೆ ಹೆಚ್ಚುಕಮ್ಮಿ ಮುಗಿಯಿತು. ಕಲರ್ ನೆಗೆಟಿವ್‌ಗೆ ಹಾಗೆ ಮಾಡಿದರೆ ಇಡೀ ಚಿತ್ರ ನೀಲಿಯಾಗಿಬಿಡುತ್ತದೆ. ಫಿಲ್ಮಿನ ಆ ಕಿತ್ತಳೆ ಬಣ್ಣವೇ ಕಾರಣ. ಎಷ್ಟೋ ಜನ ಅದನ್ನು ಹಳತಾಗಿ ಬಂದ ಕಲೆ ಅಂದುಕೊಂಡಿದ್ದಾರೆ. ಅಲ್ಲ, ಅದು ಕಂಪನಿಯವರೇ ಹಾಕಿದ್ದು. ಫಿಲ್ಮಿನ ಒಳಗಿನ ಬಣ್ಣಗಳು ತಾವು ಹೀರಬಾರದ ಬೆಳಕನ್ನೂ ಸ್ವಲ್ಪ ಹೀರುತ್ತವೆ. ಪ್ರಿಂಟ್ ಹಾಕುವಾಗ ಆ ದೋಷ ಕಾಣದಿರಲಿ ಅಂತ ಈ ಕಿತ್ತಳೆ ಮಾಸ್ಕ್. 1972ರಲ್ಲಿ ಬಂದ ಸಿ-41 ಅನ್ನುವ ಫಿಲ್ಮ್ ತೊಳೆಯುವ ಪದ್ಧತಿಯ ಕಲರ್ ಫಿಲ್ಮ್‌ಗಳಲ್ಲಿ ಸಾಮಾನ್ಯವಾಗಿ ಇದು ಇದ್ದೇ ಇರುತ್ತದೆ. ಅಂದರೆ ನಮ್ಮ ಮನೆಗಳ ತೊಂಬತ್ತರ ದಶಕದ ಮದುವೆ, ಮುಂಜಿ, ಜಾತ್ರೆಯ ಡಬ್ಬಿಗಳೆಲ್ಲ ಇದೇ ಜಾತಿ.

ನಾನು ಪರೀಕ್ಷೆಗೆ ಆರಿಸಿಕೊಂಡಿದ್ದು ಬೇಕಂತಲೇ ಕಷ್ಟದ ಫ್ರೇಮುಗಳು. ಶಿರಸಿ ಹತ್ತಿರ ಅಡಿಕೆ ತೋಟದಲ್ಲಿ ನಿಂತ ಚಿಕ್ಕಪ್ಪ-ಚಿಕ್ಕಮ್ಮನ ಮದುವೆ ದಿನದ ಫೋಟೊ, ಸುತ್ತ ಬರೀ ಹಸಿರು. ಮಾರಿಕಾಂಬಾ ಜಾತ್ರೆಯದ್ದೊಂದು, ಎಲ್ಲಿ ನೋಡಿದರೂ ಕೆಂಪು. ಕಾರವಾರದ ಹಳೇ ಕಾಳಿ ಸೇತುವೆ, 2024ರ ಆಗಸ್ಟ್‌ನಲ್ಲಿ ಕುಸಿಯಿತಲ್ಲ, ಅದೇ. ಅದರಲ್ಲಿ ನೀರು, ಮೋಡ, ಕಾಂಕ್ರೀಟ್ ಬಿಟ್ಟರೆ ಏನೂ ಇಲ್ಲ. ಮತ್ತೊಂದು ರಾತ್ರಿ ಯಕ್ಷಗಾನದ್ದು. ಮೊದಲ ಎರಡು ಸಾಫ್ಟ್‌ವೇರ್‌ಗೆ, ಅಂದರೆ ಸ್ಕ್ಯಾನರ್ ಜತೆ ಬಂದದ್ದಕ್ಕೆ ಮತ್ತು ವ್ಯೂಸ್ಕ್ಯಾನ್‌ಗೆ, ಫ್ಲಾಟ್‌ಬೆಡ್ ಸ್ಕ್ಯಾನರ್ ಬಳಸಿದೆ. ಉಳಿದೆರಡಕ್ಕೆ, ನೆಗೆಟಿವ್ ಲ್ಯಾಬ್ ಪ್ರೊ ಮತ್ತು ಡಾರ್ಕ್‌ಟೇಬಲ್‌ಗೆ, ಲೈಟ್ ಪ್ಯಾಡ್ ಮೇಲೆ ನೆಗೆಟಿವ್ ಇಟ್ಟು, ಕ್ಯಾಮೆರಾಗೆ ಮ್ಯಾಕ್ರೊ ಲೆನ್ಸ್ ಹಾಕಿ ತೆಗೆದ ರಾ ಫೈಲ್ (ಕ್ಯಾಮೆರಾ ತಿದ್ದದೆ ಕೊಡುವ ಕಚ್ಚಾ ಚಿತ್ರ).

ಸ್ಕ್ಯಾನರ್ ಜತೆಗೇ ಬಂದ ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪುಕ್ಕಟೆ, ಬೇಗ, ಸುಲಭ. ಅಂಗಳದಲ್ಲಿ ಬಿಸಿಲಿಗೆ ನಿಂತ ಗ್ರೂಪ್ ಫೋಟೊಗೆ ಸಾಕು. ತೋಟದ ಫ್ರೇಮ್ ಕೊಟ್ಟಾಗ ಅಡಿಕೆ ಸೋಗೆ ಬೂದಿ ಬಣ್ಣಕ್ಕೆ ತಿರುಗಿತು, ಮುಖಗಳು ಗುಲಾಬಿಯಾದವು. ಚಿಕ್ಕಮ್ಮನಿಗೆ ತೋರಿಸಿದೆ. "ಇದೆಂಥದಾ, ರಾಣಿ ಕಲರ್ ಮಾಡಿಟ್ಟಿದ್ದೀಯ? ನನ್ನ ಸೀರೆ ಕುಂಕುಮ ಕೆಂಪು" ಅಂದರು. ಸುಮ್ನೆ ಹೇಳಿದ್ದಲ್ಲ. ಒಳಗೆ ಹೋಗಿ ಟ್ರಂಕಿನಿಂದ ಸೀರೆಯನ್ನೇ ತಂದು ಸ್ಕ್ರೀನ್ ಪಕ್ಕ ಹಿಡಿದರು. ಇದಕ್ಕಿಂತ ಒಳ್ಳೆಯ ಕಲರ್ ಚಾರ್ಟ್ ಎಲ್ಲಿ ಸಿಗುತ್ತದೆ ಹೇಳಿ!

ಹೀಗೇಕೆ ಆಗುತ್ತದೆ? ಸಾಫ್ಟ್‌ವೇರ್ ತಾನಾಗೇ ಬಣ್ಣ ತಿದ್ದುವ ಆಟೊ ಅನ್ನುವುದು ಚಿತ್ರದ ಎಲ್ಲ ಬಣ್ಣ ಕಲೆಸಿದರೆ ಹೆಚ್ಚುಕಮ್ಮಿ ಬೂದಿ ಬರಬೇಕು ಅಂತ ನಂಬಿಕೊಂಡಿರುತ್ತದೆ. ಪೇಟೆ ಬೀದಿಯ ಫೋಟೊಗೆ ಆ ಲೆಕ್ಕ ಸರಿ. ಮಳೆಗಾಲದ ಶಿರಸಿಗೆ ಯಾವ ಬೂದಿ? ಹಸಿರು ಜಾಸ್ತಿಯಾಯಿತು ಅಂತ ಅದು ಮೆಜೆಂಟಾ ಸುರಿಯುತ್ತದೆ, ಕೆಂಪು ಸೀರೆ ರಾಣಿ ಬಣ್ಣವಾಗುತ್ತದೆ. ಜಾತ್ರೆಯ ಫ್ರೇಮಿನಲ್ಲಿ ತದ್ವಿರುದ್ಧ: ಕೆಂಪು ಕಡಿಮೆ ಮಾಡಲು ಹೋಗಿ ನೆರಳಿನ ಭಾಗಕ್ಕೆಲ್ಲ ಹಸಿರು-ನೀಲಿ ಬಳಿಯುತ್ತದೆ. ಹಾಗಾಗಿ ನಾನು ನೋಡಿದ್ದು ಒಂದೇ. ಸಾಫ್ಟ್‌ವೇರ್ ಬಣ್ಣವನ್ನು ಊಹಿಸುತ್ತದೋ, ಅಳೆಯುತ್ತದೋ?

ವ್ಯೂಸ್ಕ್ಯಾನ್ ಅಳೆಯಬಲ್ಲದು. ನೋಡಲು ಹಳೇ ಕಾಲದ ಮೆನುಗಳು, ಚಂದವೇನಲ್ಲ. ಆದರೆ ಒಂದು ಒಳ್ಳೆಯ ದಾರಿ ಇಟ್ಟಿದ್ದಾರೆ. ಪಟ್ಟಿಯ ಖಾಲಿ ತುಂಡಿನ ಪ್ರಿವ್ಯೂ ತೆಗೆದು ಮೊದಲು ಎಕ್ಸ್‌ಪೋಶರ್ ಲಾಕ್ ಮಾಡಬೇಕು. ಮತ್ತೆ ಪ್ರಿವ್ಯೂ ತೆಗೆದು ಫಿಲ್ಮ್ ಬೇಸ್ ಬಣ್ಣ, ಅಂದರೆ ಆ ಕಿತ್ತಳೆ, ಲಾಕ್ ಮಾಡಬೇಕು. ಆಮೇಲೆ ಇಡೀ ರೋಲ್ ಅದೇ ಅಳತೆಯಲ್ಲಿ ಹೋಗುತ್ತದೆ. ಸೇತುವೆ ಫ್ರೇಮ್ ಇದರಲ್ಲಿ ಚೆನ್ನಾಗಿ ಬಂತು, ಕಾಂಕ್ರೀಟ್ ಕಾಂಕ್ರೀಟಿನಂತೆಯೇ ಇತ್ತು. ಡ್ರೈವರ್ ಸಿಗದ ಎಷ್ಟೋ ಹಳೇ ಸ್ಕ್ಯಾನರ್‌ಗಳನ್ನೂ ಇದು ಓಡಿಸುತ್ತದೆ. ಸಿಲ್ವರ್‌ಫಾಸ್ಟ್ ಅನ್ನುವ ಇನ್ನೊಂದು ಸ್ಕ್ಯಾನರ್ ಸಾಫ್ಟ್‌ವೇರ್‌ಗೆ ನಾನು ಕೈ ಹಾಕಲಿಲ್ಲ, ಅದರ ಲೈಸೆನ್ಸ್ ಸ್ಕ್ಯಾನರ್ ಮಾಡೆಲ್‌ಗೆ ಕಟ್ಟಿಕೊಂಡಿರುತ್ತದೆ.

ನೆಗೆಟಿವ್ ಲ್ಯಾಬ್ ಪ್ರೊ ಎಲ್ಲರೂ ಹೊಗಳುವಂಥದ್ದು. ಹೊಗಳಿಕೆ ಸುಳ್ಳಲ್ಲ. ಫೋಟೊ ತಿದ್ದುವ ಲೈಟ್‌ರೂಮ್ ಕ್ಲಾಸಿಕ್ ಸಾಫ್ಟ್‌ವೇರ್ ಒಳಗೆ ಕೂರುವ ಪ್ಲಗಿನ್ ಇದು, 99 ಡಾಲರ್ ಒಮ್ಮೆ ಕೊಟ್ಟರಾಯಿತು. ಲೈಟ್‌ರೂಮಿನ ಚಂದಾ ಬೇರೆ, ಅದನ್ನು ಮರೆಯಬೇಡಿ. ಫಿಲ್ಮಿನ ಅಂಚಿನಲ್ಲಿ ವೈಟ್ ಬ್ಯಾಲೆನ್ಸ್ ತೆಗೆದುಕೊಂಡು, ಅಂಚು ಕ್ರಾಪ್ ಮಾಡಿ, ಕನ್ವರ್ಟ್ ಒತ್ತಿದರೆ ಚರ್ಮದ ಬಣ್ಣ ಒಂದೇ ಏಟಿಗೆ ಹಳೇ ಲ್ಯಾಬ್ ಪ್ರಿಂಟಿನಂತೆ ಬರುತ್ತದೆ. ಫ್ರಾಂಟಿಯರ್, ನೊರಿಟ್ಸು ಅಂತ ಲ್ಯಾಬ್ ಮೆಷಿನ್‌ಗಳ ಹೆಸರಿನ ಆಯ್ಕೆಗಳೂ ಇವೆ. ಜನರಿರುವ ಫೋಟೊಗೆ ಇದನ್ನು ಮೀರಿಸುವುದು ಕಷ್ಟ. ಆದರೆ ಒಂಟಿ ಫ್ರೇಮ್ ಕೊಟ್ಟರೆ ಇದೂ ಊಹೆಯ ಕಡೆಗೇ ವಾಲುತ್ತದೆ. ತೋಟದ ಫೋಟೊ ಮೊದಲ ಸಲ ಸ್ವಲ್ಪ ಗುಲಾಬಿ ಕಡೆಗೇ ಬಂತು. ಮೂರನೇ ಆವೃತ್ತಿಯ ರೋಲ್ ಅನಾಲಿಸಿಸ್‌ನಲ್ಲಿ ಅಕ್ಕಪಕ್ಕದ ಫ್ರೇಮುಗಳನ್ನೂ ಸೇರಿಸಿದಾಗ ತಿದ್ದಿಕೊಂಡಿತು. ಇನ್ನೊಂದು ಕಿರಿಕಿರಿ: ಕನ್ವರ್ಟ್ ಆದ ಮೇಲೆ ಲೈಟ್‌ರೂಮಿನ ಸ್ಲೈಡರ್‌ಗಳು ಉಲ್ಟಾ. ಎಕ್ಸ್‌ಪೋಶರ್ ಬಲಕ್ಕೆ ಎಳೆದರೆ ಚಿತ್ರ ಕಪ್ಪಾಗುತ್ತದೆ. ತಿರುಗಿಸಿದ ಚಿತ್ರವನ್ನು ಟಿಫ್ ಫೈಲ್ ಆಗಿ ಕಾಪಿ ಮಾಡಿಕೊಂಡರೆ ಈ ಕಾಟ ಇಲ್ಲ.

ಕೊನೆಗೆ ಡಾರ್ಕ್‌ಟೇಬಲ್, ಇದೂ ಫೋಟೊ ತಿದ್ದುವ ಸಾಫ್ಟ್‌ವೇರ್. ಪೂರ್ತಿ ಉಚಿತ. 2020ರ 3.2 ಆವೃತ್ತಿಯಲ್ಲಿ ಇದಕ್ಕೆ ನೆಗಡಾಕ್ಟರ್ ಅನ್ನುವ ಮಾಡ್ಯೂಲ್ ಸೇರಿತು. ಮೊದಲ ದಿನ ಯಾರಿಗೂ ಇಷ್ಟವಾಗುವಂಥದ್ದಲ್ಲ. ಡಿ ಮಿನ್, ಡಿ ಮ್ಯಾಕ್ಸ್, ಪೇಪರ್ ಗ್ರೇಡ್ ಅಂತೆಲ್ಲ ಡಾರ್ಕ್‌ರೂಮ್ ಭಾಷೆ ಮಾತಾಡುತ್ತದೆ. ಬೆಳಕು-ನೆರಳು ಹೊಂದಿಸುವ ಸಿಗ್ಮಾಯ್ಡ್ ಅಥವಾ ಫಿಲ್ಮಿಕ್ ಮಾಡ್ಯೂಲ್ ಆನ್ ಇದ್ದರೆ ಆಫ್ ಮಾಡಿ ಶುರು ಮಾಡಬೇಕು. ಆದರೆ ಇದು ಅಳೆಯುವ ಪೈಕಿ. ಎರಡು ಫ್ರೇಮ್ ನಡುವಿನ ಖಾಲಿ ಸಂದಿಯಲ್ಲಿ ಪಿಕರ್ (ಬಣ್ಣ ಅಳೆಯುವ ಸಾಧನ) ಇಟ್ಟು ಕಿತ್ತಳೆಯ ಅಳತೆ ತೆಗೆದೆ. ಹೈಲೈಟಿನ ವೈಟ್ ಬ್ಯಾಲೆನ್ಸ್‌ಗೆ ಚಿಕ್ಕಪ್ಪನ ಬಿಳಿ ಪಂಚೆ ಇತ್ತು. ಮರದ ನೆರಳಿನ ಹಸಿರು ತಾಗದ, ಬಿಸಿಲು ಬಿದ್ದ ಮಡಿಕೆಯೊಂದನ್ನು ಹುಡುಕಿ ಅಲ್ಲಿ ಪಿಕರ್ ಇಟ್ಟೆ. ಸೋಗೆ ಹಸಿರಾಯಿತು, ಸೀರೆ ಕೆಂಪಾಯಿತು. ಚಿಕ್ಕಮ್ಮ ಸೀರೆ ಹಿಡಿದು ನೋಡಿ, "ಹಾಂ, ಈಗ ಸರಿ" ಅಂದು ಮಡಚಿಕೊಂಡು ಹೋದರು.

ಹಳೇ ನೆಗೆಟಿವ್‌ಗೆ ಇದರಲ್ಲಿ ಇನ್ನೊಂದು ಅನುಕೂಲ ಇದೆ. ಬಣ್ಣಗಳು ಸಮವಾಗಿ ಮಾಸುವುದಿಲ್ಲ. ನೆರಳಿಗೊಂದು ಛಾಯೆ, ಬೆಳಕಿಗೊಂದು ಛಾಯೆ ಬಂದಿರುತ್ತದೆ. ಒಂದೇ ವೈಟ್ ಬ್ಯಾಲೆನ್ಸ್‌ನಲ್ಲಿ ಎರಡನ್ನೂ ತಿದ್ದಲಾಗದು. ನೆಗಡಾಕ್ಟರ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಸ್ಲೈಡರ್ ಇವೆ. ಒಂದು ಫ್ರೇಮ್ ಸರಿ ಮಾಡಿ ಅದೇ ಸೆಟ್ಟಿಂಗ್ ರೋಲಿನ ಉಳಿದವಕ್ಕೆ ಅಂಟಿಸಿದರೆ, ಆಮೇಲೆ ಎಕ್ಸ್‌ಪೋಶರ್ ಮುಟ್ಟಿದರೆ ಸಾಕು.

ಯಕ್ಷಗಾನದ ಫ್ರೇಮ್ ಮಾತ್ರ ಯಾವುದಕ್ಕೂ ಬಗ್ಗಲಿಲ್ಲ. ರಂಗಸ್ಥಳದ ಒಂದು ಬದಿ ಟ್ಯೂಬ್‌ಲೈಟಿನ ಹಸಿರು, ಇನ್ನೊಂದು ಬದಿ ಬಲ್ಬಿನ ಹಳದಿ. ಕಿರೀಟ ಸರಿಮಾಡಿದರೆ ಭಾಗವತರು ಹಸಿರಾಗುತ್ತಾರೆ. ಅದು ಸಾಫ್ಟ್‌ವೇರ್ ತಪ್ಪಲ್ಲ ಬಿಡಿ.

ಈಗ ನಾನು ತೋಟ, ಜಾತ್ರೆ, ಸಮುದ್ರದ ರೋಲ್‌ಗಳನ್ನು ಡಾರ್ಕ್‌ಟೇಬಲ್‌ನಲ್ಲಿ ಮಾಡುತ್ತೇನೆ. ಲೈಟ್‌ರೂಮ್ ಈಗಾಗಲೇ ಇದ್ದು, ಮದುವೆ ಮನೆಯ ರಾಶಿ ರಾಶಿ ಮುಖಗಳಿದ್ದರೆ ನೆಗೆಟಿವ್ ಲ್ಯಾಬ್ ಪ್ರೊ ಕೊಳ್ಳಿ, ಸಮಯ ಉಳಿಯುತ್ತದೆ. ನಮ್ಮ ಕಡೆಯ ಮಳೆಗೆ ಬೂಸ್ಟು ಹಿಡಿದ, ಗೀರು ಬಿದ್ದ ಪಟ್ಟಿಗಳಿದ್ದರೆ ಕ್ಯಾಮೆರಾ ಬಿಡಿ, ಇನ್‌ಫ್ರಾರೆಡ್ ಇರುವ ಸ್ಕ್ಯಾನರ್ ಮತ್ತು ವ್ಯೂಸ್ಕ್ಯಾನ್ ಹಿಡಿಯಿರಿ. ಧೂಳು, ಗೀರನ್ನು ಇನ್‌ಫ್ರಾರೆಡ್ ಗುರುತಿಸಿ ತೆಗೆಯುತ್ತದೆ. ಬೂಸ್ಟು ತಿಂದ ಜಾಗವನ್ನು ಮಾತ್ರ ಪೂರ್ತಿ ತುಂಬಲಾರದು, ಅಲ್ಲಿ ಕ್ಲೋನ್ ಬ್ರಷ್ ಹಿಡಿದು ಕೂರಬೇಕು.