ಮಳೆಗಾಲ ಕಳೆದ ಮೇಲೆ ಕೈಕೊಡುವ ತೋಟದ ಟೈಮರ್: ಕ್ರಿಸ್ಟಲ್ ನೋಡದೆ ಬೋರ್ಡ್ ಕೊಳ್ಳಬೇಡಿ

ಶಿರಸಿ, ಸಿದ್ದಾಪುರ ಕಡೆಯ ಅಡಿಕೆ ತೋಟಗಳಲ್ಲಿ ಹನಿ ನೀರಾವರಿಯ ವಾಲ್ವ್‌ಗೆ ಬ್ಯಾಟರಿ ಟೈಮರ್ ಹಾಕಿಸಿದವರ ದೂರು ಹೆಚ್ಚುಕಡಿಮೆ ಒಂದೇ. ಬೇಸಿಗೆಯಿಡೀ ಸರಿಯಾಗಿ ನಡೆದ ಬೋರ್ಡ್ ಮಳೆಗಾಲ ಪೂರ್ತಿ ಅಟ್ಟದ ಮೇಲಿತ್ತು. ಡಿಸೆಂಬರಿನಲ್ಲಿ ಹೊಸ ಸೆಲ್ ಹಾಕಿದರೆ ಒಂದೋ ವಾರದೊಳಗೆ ಸೆಲ್ ಖಾಲಿ, ಇಲ್ಲವೇ ಬೆಳಿಗ್ಗೆ ಆರಕ್ಕೆ ತೆರೆಯಬೇಕಾದ ವಾಲ್ವ್ ದಿನಕ್ಕೆ ನಾಲ್ಕು ತಾಸಿನಷ್ಟು ಮುಂಚೆ ತೆರೆಯುತ್ತ ಹೋಗುತ್ತದೆ. ಬಿಸಿಲಿಗಿಟ್ಟು ಮತ್ತೆ ಚಾಲೂ ಮಾಡಿದರೆ ಸರಿ! ಕಾರವಾರ, ಅಂಕೋಲೆಯ ಉಪ್ಪುಗಾಳಿಯಲ್ಲಂತೂ ಮಳೆಗಾಲಕ್ಕೂ ಕಾಯಬೇಕಿಲ್ಲ. ಮಾರಿದವರು 'ನಿಮ್ಮ ಕಡೆ ಹವೆಯೇ ಹಾಗೆ' ಎಂದು ಕೈ ತೊಳೆದುಕೊಳ್ಳುತ್ತಾರೆ. ಹವೆ ನೆಪ ಮಾತ್ರ. ಬೋರ್ಡಿನ ವಿನ್ಯಾಸವೇ ಅಂಚಿನಲ್ಲಿ ನಿಂತಿರುತ್ತದೆ.

ಈ ಬೋರ್ಡ್‌ಗಳಲ್ಲಿರುವುದು ಎಸ್‌ಟಿಎಂ32ಎಫ್103 ಚಿಪ್, ಸಮಯ ಎಣಿಸಲು 32.768 ಕಿಲೋಹರ್ಟ್ಜ್ ಕ್ರಿಸ್ಟಲ್, ಅಂದರೆ ಸೆಕೆಂಡಿಗೆ 32,768 ಸಲ ಕಂಪಿಸುವ ಸ್ಫಟಿಕದ ಚೂರು. ಕ್ರಿಸ್ಟಲ್‌ಗೆ ಲೋಡ್ ಕೆಪಾಸಿಟನ್ಸ್ (ಸರಿಯಾದ ವೇಗದಲ್ಲಿ ನಡೆಯಲು ಅದರ ಕಾಲುಗಳ ನಡುವೆ ಇರಬೇಕಾದ ಕೆಪಾಸಿಟನ್ಸ್) ಎಂಬ ಒಂದು ಅಂಕಿ ಇರುತ್ತದೆ: 6, 7, 9 ಅಥವಾ 12.5 ಪಿಕೋಫ್ಯಾರಡ್. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು 12.5ರದ್ದು. ಈ ಚಿಪ್ಪಿನ ಡೇಟಾಶೀಟ್ (ತಯಾರಕರ ವಿವರ ಪತ್ರ) ಮಾತ್ರ 7 ಅಥವಾ ಅದಕ್ಕಿಂತ ಕಡಿಮೆಯದನ್ನು ಹಾಕಿ, 12.5ರದ್ದನ್ನು ಎಂದೂ ಬಳಸಬೇಡಿ ಎಂದು ಸ್ಪಷ್ಟವಾಗಿ ಬರೆದಿದೆ. ಅದನ್ನು ಓದದೆ ಸಾವಿರಾರು ಬೋರ್ಡ್ ಹೇಗೆ ತಯಾರಾಗುತ್ತವೋ ದೇವರೇ ಬಲ್ಲ.

ಯಾಕೆ ಬೇಡ ಎಂಬುದು ಲೆಕ್ಕದಲ್ಲಿದೆ. ಕ್ರಿಸ್ಟಲ್ ಮತ್ತು ಅದನ್ನು ಕಂಪಿಸುವ ಚಿಪ್ಪಿನ ಸರ್ಕಿಟ್ ಸೇರಿದ್ದೇ ಆಸಿಲೇಟರ್; ಅದು ಶುರುವಾಗಲು ಬೇಕಾದ ಕನಿಷ್ಠ ಟ್ರಾನ್ಸ್‌ಕಂಡಕ್ಟನ್ಸ್ (ಚಿಪ್ ತಳ್ಳುವ ಬಲ) ಎಂದರೆ 4 × ಇಎಸ್‌ಆರ್ × (2π × ಆವರ್ತನ)ದ ವರ್ಗ × (ಕ್ರಿಸ್ಟಲ್‌ನ ಒಳ ಕೆಪಾಸಿಟನ್ಸ್ + ಲೋಡ್)ನ ವರ್ಗ. ಇಎಸ್‌ಆರ್ (ಕ್ರಿಸ್ಟಲ್‌ನ ಒಳ ರೆಸಿಸ್ಟನ್ಸ್) 70 ಕಿಲೋಓಮ್, ಒಳ ಕೆಪಾಸಿಟನ್ಸ್ 1 ಪಿಕೋಫ್ಯಾರಡ್ ಎಂದಿಟ್ಟುಕೊಂಡರೆ 12.5ರ ಕ್ರಿಸ್ಟಲ್‌ಗೆ ಸುಮಾರು 2.2 ಮೈಕ್ರೋಆಂಪ್ ಪ್ರತಿ ವೋಲ್ಟ್ ಬೇಕು. ಚಿಪ್ ಕೊಡುವುದು 5. ಅಂದರೆ ಎರಡು ಪಟ್ಟು ಚಿಲ್ಲರೆ; ಇರಬೇಕಾದದ್ದು ಕನಿಷ್ಠ 5 ಪಟ್ಟು. 6ರ ಕ್ರಿಸ್ಟಲ್‌ಗೆ 0.58 ಸಾಕು, ಎಂಟೂವರೆ ಪಟ್ಟು ಸಿಗುತ್ತದೆ. ಎರಡು ಪಟ್ಟಿನದ್ದು ಒಣ ಮೇಜಿನ ಮೇಲೆ ಚೆನ್ನಾಗಿಯೇ ನಡೆಯುತ್ತದೆ, ಮೋಸ ಇರುವುದೇ ಅಲ್ಲಿ.

ಇದರ ಮೇಲೆ ತೇವ ಕೂರುತ್ತದೆ. ಆಸಿಲೇಟರನ್ನು ಸರಿಯಾದ ವೋಲ್ಟೇಜಿನಲ್ಲಿ ಹಿಡಿದಿಡುವ, ಚಿಪ್ ಒಳಗಿನ ಫೀಡ್‌ಬ್ಯಾಕ್ ರೆಸಿಸ್ಟರ್ ಸುಮಾರು 5 ಮೆಗಾಓಮ್. ತೊಳೆಯದೆ ಬಿಟ್ಟ ಫ್ಲಕ್ಸ್ (ಬೆಸುಗೆಯ ಅಂಟು) ತೇವ ಹೀರಿ, ಉಪ್ಪೂ ಸೇರಿ, ಕ್ರಿಸ್ಟಲ್ ಕೂಡುವ ಪಿಸಿ14, ಪಿಸಿ15 ಪಿನ್‌ಗಳಿಂದ ಗ್ರೌಂಡಿಗೆ ಅಷ್ಟೇ ಮೆಗಾಓಮ್‌ನ ಸೋರಿಕೆ ದಾರಿಯಾದರೆ ಬಯಾಸ್ (ಆ ವೋಲ್ಟೇಜ್) ಸರಿದು ಆಸಿಲೇಟರ್ ಏಳುವುದೇ ಇಲ್ಲ. ನಡೆಯುತ್ತಿದ್ದದ್ದು ಹಾಗೂ ಹೀಗೂ ನಡೆಯುತ್ತಿರಬಹುದು, ಸೆಲ್ ತೆಗೆದು ಹಾಕಿದಾಗ ಬಣ್ಣ ಬಯಲಾಗುತ್ತದೆ. ಆ ಎರಡು ಪಿನ್‌ಗಳನ್ನು ಅಂಚಿನ ಹೆಡರ್‌ಗೂ (ತಂತಿ ಜೋಡಿಸುವ ಪಿನ್ ಸಾಲು) ಎಳೆದಿರುವ ನೀಲಿ ಬೋರ್ಡ್‌ಗಳಲ್ಲಿ ಅಲ್ಲಿಗೆ ಹೆಡರ್ ಪಿನ್ ಬೆಸುಗೆ ಹಾಕಲೇಬೇಡಿ.

ಉಳಿದ ಕೆಡುಕು ಸಾಫ್ಟ್‌ವೇರಿನದು. ಕ್ರಿಸ್ಟಲ್ ಸಿದ್ಧವಾಗುವವರೆಗೆ ಕೊನೆಯಿಲ್ಲದ ಲೂಪಿನಲ್ಲಿ ಕಾದರೆ ಚಿಪ್ ನಿದ್ರೆಗೆ ಹೋಗದೆ ಮಿಲಿಆಂಪ್ ಲೆಕ್ಕದಲ್ಲಿ ಕುಡಿಯುತ್ತದೆ, ಸೆಲ್ ಮುಗಿಯುವುದು ಹೀಗೆ. ಇನ್ನು ಕೆಲವರು ಸದ್ದಿಲ್ಲದೆ ಚಿಪ್ ಒಳಗಿನ, ಕ್ರಿಸ್ಟಲ್ ಇಲ್ಲದ ಒರಟು ಆರ್‌ಸಿ ಆಸಿಲೇಟರ್‌ಗೆ ಜಾರಿಸುತ್ತಾರೆ. ಅದು ಹೆಸರಿಗೆ 40 ಕಿಲೋಹರ್ಟ್ಜ್, ಚಿಪ್‌ನಿಂದ ಚಿಪ್‌ಗೆ 30ರಿಂದ 60ರ ತನಕ ಎಲ್ಲಿಯೂ ಇರಬಹುದು. 40 ಎಂದೇ ಹಿಡಿದರೂ ಬೋರ್ಡಿನ 'ಒಂದು ದಿನ' 19 ತಾಸು 40 ನಿಮಿಷಕ್ಕೆ ಮುಗಿಯುತ್ತದೆ. ಕ್ರಿಸ್ಟಲ್‌ಗೆ 5 ಸೆಕೆಂಡ್ ಕಾದು, ಆಗದಿದ್ದರೆ ಎಲ್‌ಇಡಿ ಮಿಣುಕಿಸಿ ದೋಷ ತೋರಿಸಿ, ವಾಲ್ವ್ ಮುಚ್ಚಿ ಮಲಗುವ ಕೋಡ್ ಇರಬೇಕು.

ಪರೀಕ್ಷೆಗೆ ಆಸಿಲೋಸ್ಕೋಪಿನ ಪ್ರೋಬನ್ನು ಕ್ರಿಸ್ಟಲ್‌ಗೆ ಮುಟ್ಟಿಸಬೇಡಿ. ಅದರ ಹತ್ತು ಹನ್ನೆರಡು ಪಿಕೋಫ್ಯಾರಡ್ಡೇ ಸಾಕು ನಿಲ್ಲಿಸಲು. ಆರ್‌ಟಿಸಿಯ (ಚಿಪ್ ಒಳಗಿನ ಗಡಿಯಾರದ) ಕ್ಯಾಲಿಬ್ರೇಶನ್ ಔಟ್‌ಪುಟ್ ಅನ್ನು ಕೋಡಿನಲ್ಲಿ ಆನ್ ಮಾಡಿದರೆ ಪಿಸಿ13 ಪಿನ್ನಿನಲ್ಲಿ 64ರಿಂದ ಭಾಗಿಸಿದ ಸಿಗ್ನಲ್ ಬರುತ್ತದೆ. ಹರ್ಟ್ಜ್ ಅಳೆಯುವ ಸಾದಾ ಮಲ್ಟಿಮೀಟರಿನಲ್ಲಿ 512 ತೋರಿದರೆ ಕ್ರಿಸ್ಟಲ್ ನಡೆಯುತ್ತಿದೆ, 625ರ ಆಸುಪಾಸು ತೋರಿದರೆ ಆರ್‌ಸಿ. ಆ 5 ಪಟ್ಟಿನ ಮಾರ್ಜಿನ್ ಇದೆಯೇ ಎಂದು ತಿಳಿಯಲು ಕ್ರಿಸ್ಟಲ್‌ನ ಒಂದು ಕಾಲಿಗೆ ಸರಣಿಯಲ್ಲಿ 270 ಕಿಲೋಓಮ್‌ನ ಚಿಕ್ಕ ಎಸ್‌ಎಂಡಿ ರೆಸಿಸ್ಟರ್ ಹಾಕಿ. ಇಎಸ್‌ಆರ್ ಸುಮಾರು 5 ಪಟ್ಟಾದಂತೆ; ಆಗಲೂ ಆಸಿಲೇಟರ್ ಏಳಬೇಕು. ಪ್ರತಿ ಸಲ ವಿಬ್ಯಾಟ್ ಸೆಲ್ಲನ್ನೂ (ಗಡಿಯಾರಕ್ಕೆಂದೇ ಇರುವ ಬ್ಯಾಕಪ್ ಸೆಲ್) ತೆಗೆಯಿರಿ, ಏಕೆಂದರೆ ಈ ಆಸಿಲೇಟರ್ ಬ್ಯಾಕಪ್ ಭಾಗದಲ್ಲಿರುವುದರಿಂದ ರಿಸೆಟ್ ಒತ್ತಿದರೆ ಅದು ನಿಲ್ಲುವುದೇ ಇಲ್ಲ, ಪರೀಕ್ಷೆ ಪಾಸಾದಂತೆ ಕಾಣುತ್ತದೆ. ನಕಲಿ ಚಿಪ್ ಇದ್ದರೆ ಚಿಪ್ ಕೊಡುವುದು 5 ಮೈಕ್ರೋಆಂಪ್ ಪ್ರತಿ ವೋಲ್ಟ್ ಎಂಬ ಮೇಲಿನ ಅಂಕಿಗೆ ಅರ್ಥವಿಲ್ಲ, ಈ ಪರೀಕ್ಷೆಯೊಂದೇ ಗತಿ.

ಈಗಾಗಲೇ ಕೊಂಡಿದ್ದರೆ 6 ಪಿಕೋಫ್ಯಾರಡ್ಡಿನ ಕ್ರಿಸ್ಟಲ್ ಹಾಕಿ ಅದರ ಎರಡು ಕಾಲಿಗಿರುವ ಕೆಪಾಸಿಟರ್‌ಗಳನ್ನೂ ಬದಲಿಸಿ. ಟ್ರ್ಯಾಕಿನ ಕೆಪಾಸಿಟನ್ಸ್ 3 ಎಂದು ಹಿಡಿದು ಲೋಡಿನಿಂದ ಕಳೆದು ದುಪ್ಪಟ್ಟು ಮಾಡಿದರೆ 6 ಬರುತ್ತದೆ; 5.6 ಅಥವಾ 6.8ರ ಎನ್‌ಪಿ0 ಬಗೆಯದು (ಬಿಸಿಗೆ ಬೆಲೆ ಬದಲಾಗದ್ದು) ಎರಡು ಸಾಕು. ಹಳೆಯ 22ನ್ನೇ ಬಿಟ್ಟರೆ ಲೋಡ್ 14 ಆಗಿ, ಹೊಸ ಕ್ರಿಸ್ಟಲ್ ಹಾಕಿದ್ದೂ ವ್ಯರ್ಥ. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಬ್ರಶ್ಶಿನಿಂದ ಫ್ಲಕ್ಸ್ ತೊಳೆದು, 60 ಡಿಗ್ರಿ ಮೀರದಂತೆ ಪೂರ್ತಿ ಒಣಗಿಸಿ, ಅಕ್ರಿಲಿಕ್ ಲೇಪ ತೆಳ್ಳಗೆ ಹೊಡೆಯಿರಿ. (ಹೊಗೆಯಾಡುವ ಅಡಿಕೆ ಡ್ರೈಯರ್‌ನಲ್ಲಿ ಒಣಗಿಸುವ ಉಪಾಯ ಬೇಡ.) ಒದ್ದೆ ಬೋರ್ಡಿಗೆ ಲೇಪ ಹೊಡೆದರೆ ತೇವ ಒಳಗೇ ಉಳಿಯುತ್ತದೆ. ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಅದ್ದಿದರೆ ಕ್ರಿಸ್ಟಲ್ ಒಳಗಿನ ಕವಲಿನಾಕಾರದ ಸ್ಫಟಿಕ ಮುರಿಯಬಹುದು. ಬಚ್ಚಲುಮನೆಗೆ ಬಳಸುವ, ವಿನಿಗರ್ ವಾಸನೆಯ ಸಿಲಿಕೋನನ್ನೂ ಮೆತ್ತಬೇಡಿ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ.

ಇಷ್ಟು ರಗಳೆ ಬೇಡವೆನ್ನುವವರಿಗೆ ಕ್ರಿಸ್ಟಲ್ ಒಳಗೇ ಇರುವ ಡಿಎಸ್3231 ಗಡಿಯಾರ ಚಿಪ್ ಇದೆ. 0ರಿಂದ 40 ಡಿಗ್ರಿಯಲ್ಲಿ ±2 ಪಿಪಿಎಂ (ಹತ್ತು ಲಕ್ಷಕ್ಕೆ ಎರಡು) ತಪ್ಪು. ಆದರೆ ಈ ಚಿಪ್ ಕೂರಿಸಿದ ಝಡ್‌ಎಸ್-042 ಮಾಡ್ಯೂಲ್‌ನಲ್ಲಿ ಸೆಲ್ ಚಾರ್ಜ್ ಮಾಡಲು 200 ಓಮ್ ರೆಸಿಸ್ಟರ್ ಮತ್ತು ಡಯೋಡ್ ಇರುತ್ತವೆ. 5 ವೋಲ್ಟ್ ಕೊಟ್ಟರೆ ಚಾರ್ಜ್ ಆಗಬಾರದ ಸಿಆರ್2032 ಬಿಲ್ಲೆ ಸೆಲ್ಲಿಗೂ ಚಾರ್ಜ್ ಹೋಗಿ ಅದು ಉಬ್ಬುತ್ತದೆ. ಆ ರೆಸಿಸ್ಟರ್ ಕಿತ್ತ ಮೇಲೆಯೇ ಸೆಲ್ ಹಾಕಿ.